ಕಲೆ ಕಾಣದ ಬಣ್ಣ

ಈ ಸಲ ದೀಪಾವಳಿಗೆ ಮುಂಚೆ ಅಮ್ಮ ಊರಿಂದ ಶಿವಮೊಗ್ಗಕ್ಕೆ ಬಂದಿದ್ದಳು. ಚಿಕ್ಕಮ್ಮನ ಮಗಳ ಮದುವೆ ನವೆಂಬರ್ ಕೊನೆಗೆ ತೀರ್ಥಹಳ್ಳಿಯಲ್ಲಿ ಗೊತ್ತಾಗಿತ್ತು, ಅದಕ್ಕೆ ಸೀರೆ ತೆಗೆಯಬೇಕಿತ್ತು. ಗಾಂಧಿ ಬಜಾರಿನಲ್ಲಿ ಅಂಗಡಿ ಹೊಕ್ಕು ಚಾಪೆ ಮೇಲೆ ಕೂತ ಕೂಡಲೇ ನಾನು ಅಭ್ಯಾಸಬಲದಿಂದ ಅಂಗಡಿಯ ಹುಡುಗನಿಗೆ ಹೇಳಿದೆ: "ಡಾರ್ಕ್ ಬಣ್ಣದ್ದು ತೋರ್ಸಪ್ಪ, ಅಮ್ಮ ತಿಳಿ ಬಣ್ಣ ಉಡಲ್ಲ." ಅವನು ಮರೂನ್, ಕಾಫಿಪುಡಿ ಬಣ್ಣ, ಬಾಟಲ್ ಗ್ರೀನ್, ಬದನೆಕಾಯಿ ಬಣ್ಣ ಅಂತ ಒಂದರ ಮೇಲೊಂದು ಬಿಚ್ಚಿ ಹಾಕಿದ. ಅಮ್ಮ ಅವನ್ನೆಲ್ಲ ನೋಡಿದಳು, ಸೆರಗು ಹಿಡಿದು ನೋಡಿದಳು, ಆಮೇಲೆ ಪಕ್ಕದಲ್ಲಿ ಯಾರೋ ನೋಡಿ ಬಿಟ್ಟುಹೋಗಿದ್ದ ರಾಶಿಗೆ ಕೈಹಾಕಿ ಒಂದು ಕೆನೆಬಣ್ಣದ ಸೀರೆ ಎಳೆದುಕೊಂಡಳು. ಎಳೆ ಹಸಿರಿನ ಸಣ್ಣ ಅಂಚು, ಮೈತುಂಬ ಏನೂ ಇಲ್ಲ. "ಇದು ಬೇಗ ಕೊಳೆಯಾಗುತ್ತಮ್ಮ" ಅಂದೆ. ನಾನು ಚಿಕ್ಕವಳಿದ್ದಾಗ ಅವಳೇ ನನಗೆ ಹೇಳುತ್ತಿದ್ದ ಮಾತದು. ಅವಳು ಸೀರೆಯಿಂದ ಕಣ್ಣು ತೆಗೆಯದೆ, "ಆಗ್ಲಿ ಬಿಡೆ. ಇನ್ನೆಂತ ಹೆದ್ರಿಕೆ ನಂಗೆ" ಅಂದಳು.

ಆ ಮಾತು ನನಗೆ ಅಂಗಡಿಯಲ್ಲಿ ಅರ್ಥವಾಗಲಿಲ್ಲ. ದುಡ್ಡು ಕೊಟ್ಟು, ಬ್ಲೌಸ್ ಪೀಸಿಗೆ ಇನ್ನೊಂದು ಅಂಗಡಿ ಸುತ್ತಿ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಾಗ ತಟ್ಟನೆ ಹೊಳೆಯಿತು. ಅಮ್ಮನಿಗೆ ಈಗ ಅರವತ್ತಮೂರು. ಅವಳ ಗರ್ಭಕೋಶ ತೆಗೆದು ಹದಿನಾಲ್ಕು ವರ್ಷವಾಯಿತು. ಅಮ್ಮನಿಗೆ ಗಾಢ ಬಣ್ಣವೇ ಇಷ್ಟ ಎಂದು ನಾವು ಮಕ್ಕಳೆಲ್ಲ ನಂಬಿದ್ದೆವು. ಅಪ್ಪ ಪ್ರತಿ ವರ್ಷ ಹಬ್ಬಕ್ಕೆ ತರುತ್ತಿದ್ದದ್ದೂ ಅದೇ. ನನ್ನ ಮೊದಲ ಸಂಬಳದಲ್ಲಿ ತೆಗೆದುಕೊಟ್ಟದ್ದೂ ಕಡು ನೇರಳೆ. ಅದು ಅವಳ ಇಷ್ಟವಾಗಿರಲಿಲ್ಲ. ಹದಿಮೂರನೇ ವಯಸ್ಸಿನಿಂದ ಅವಳ ಮೈ ಅವಳ ಪರವಾಗಿ ಬಣ್ಣ ಆರಿಸುತ್ತಿತ್ತು. ಆ ಭಯದ ಕಾರಣ ಹೋದಮೇಲೂ ಭಯ ಹೋಗಲಿಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

ಕೆಲಸದ ಸೀರೆ

ನಮ್ಮ ಕಡೆ ಹೆಂಗಸರ ಬಟ್ಟೆಯಲ್ಲಿ ಎರಡೇ ಜಾತಿ. ಒಂದು ಹೊರಗೆ ಹೋಗುವ ಸೀರೆ, ಇನ್ನೊಂದು ಕೆಲಸದ ಸೀರೆ. ಕೆಲಸದ ಸೀರೆ ಅಂತ ಯಾರೂ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಹೊರಗಿನದು ಹಳತಾಗಿ, ಅಂಚು ಸವೆದು, ಕೆಲಸದ್ದಾಗುತ್ತದೆ. ಅದನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಮೇಲೆ ಗಂಡನದ್ದೋ ಮಗನದ್ದೋ ಹಳೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೊಂದು ಟವೆಲ್ ಸುತ್ತಿದರೆ ನೆಟ್ಟಿಗೂ ಆಯಿತು, ತೋಟಕ್ಕೂ ಆಯಿತು, ಅಡಿಕೆ ಸುಲಿಯುವುದಕ್ಕೂ ಆಯಿತು. ಈಗ ಸೀರೆಯ ಜಾಗಕ್ಕೆ ನೈಟಿ ಬಂದಿದೆ, ಅಂಗಿ ಮಾತ್ರ ಹಾಗೇ ಇದೆ. ಮರದಿಂದ ಅಡಿಕೆ ಕೊನೆ ತೆಗೆಯುವ ಗಂಡಸಿಗೆ ಹಗುರದ ಫೈಬರ್ ಕೋಲಿನ ದೋಟಿ ಬಂತು, ಔಷಧಿ ಹೊಡೆಯಲು ಹೊಸ ಪಂಪು ಬಂತು. ಮಲೆನಾಡಿನ ಹೆಂಗಸಿನ ಕೆಲಸಕ್ಕೆ ಅಂತಲೇ ಅಳತೆ ತೆಗೆದು ಹೊಲಿದ ಬಟ್ಟೆ ಒಂದನ್ನೂ ನಾನು ಈವರೆಗೆ ನೋಡಿಲ್ಲ.

ಆ ಅಂಗಿ ಏನೇನು ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಾದದ್ದು ನಾನೇ ಒಮ್ಮೆ ತೊಟ್ಟಾಗ. ಅಡಿಕೆಯ ರಸ ತಾಗಿದರೆ ಬಟ್ಟೆ ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಅದನ್ನು ಅಂಗಿ ತಡೆಯುತ್ತದೆ. ಗದ್ದೆಯಲ್ಲಿ ಬಗ್ಗಿದಾಗ ಸೆರಗು ಜಾರದಂತೆ ಹಿಡಿಯುತ್ತದೆ. ಸೊಳ್ಳೆ, ಮುಳ್ಳು, ಬಿಸಿಲು. ಜೊತೆಗೆ, ಗಂಡಸಿನ ಅಂಗಿ ಹೆಣ್ಣಿನ ಮೈಮೇಲೆ ಸೊಂಟ ದಾಟಿ ಕೆಳಗಿಳಿಯುತ್ತದೆ. ಹಿಂದಿನಿಂದ ನೋಡಿದರೆ ಸೀರೆಯ ಮೇಲೆ ಏನಾಗಿದೆ ಎಂದು ಕಾಣುವುದಿಲ್ಲ. ಈ ಕೊನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ, ಆದರೆ ಗೊತ್ತಿಲ್ಲದ ಹೆಂಗಸೂ ಇರಲಿಲ್ಲ.

ಇದರ ಜೊತೆ ಇನ್ನೊಂದು ತಾಕಲಾಟವಿದೆ. ಮಂಗನ ಕಾಯಿಲೆ ನಮ್ಮ ಜಿಲ್ಲೆಯದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು, ಜಗತ್ತಿನ ವೈದ್ಯರೆಲ್ಲ ಅದನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಸಾಗರ ತಾಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಅದರಿಂದ ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಅದನ್ನು ಹರಡುವ ಉಣುಗು, ಅಂದರೆ ಉಣ್ಣೆ ಹುಳ, ಜೋರಾಗುವುದು ಬೇಸಿಗೆಯ ತಿಂಗಳುಗಳಲ್ಲೇ, ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಹೆಂಗಸರು ಬುಟ್ಟಿ ಹಿಡಿದು ಕಾಡಿಗೆ ಹೋಗುವುದೂ ಆಗಲೇ. ಕಾಯಿಲೆ ದಾಟಿಸುವ ಮರಿ ಉಣುಗು ಎಳ್ಳಿಗಿಂತ ಸಣ್ಣದು. ಮೈತುಂಬ ಬಟ್ಟೆ ಹಾಕಿ, ಎಣ್ಣೆ ಹಚ್ಚಿ, ಮನೆಗೆ ಬಂದಕೂಡಲೇ ಬಿಸಿನೀರು ಸ್ನಾನ ಮಾಡಿ ಎಂದು ಮನೆಮನೆಗೆ ಬಂದು ಹೇಳುತ್ತಾರೆ. ತಿಳಿ ಬಣ್ಣದ ಬಟ್ಟೆ ಹಾಕಿದರೆ ಉಣುಗು ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ಆದರೆ ಕಾಡಿಗೆ ತಿಳಿ ಬಣ್ಣ ಹಾಕಿ ಹೋಗಿ ಎಂದರೆ ಮುಟ್ಟಿನ ದಿನ ಆ ಹೆಂಗಸು ಏನು ಮಾಡಬೇಕು? ಒಂದು ಕಲೆ ಕಾಣಬೇಕು, ಇನ್ನೊಂದು ಕಾಣಬಾರದು. ಅಮ್ಮ ಯಾವಾಗಲೂ ಎರಡನೆಯದಕ್ಕೇ ಹೆದರಿದಳು, ಕಾಫಿಪುಡಿ ಬಣ್ಣದ ಸೀರೆಯಲ್ಲೇ ದರಗು ಹೊತ್ತಳು.

ಇಂಬಳವಿಲ್ಲದ ತಿಂಗಳು

ನನಗೆ ಆಗ ಹತ್ತು ವರ್ಷ, 1994 ಇರಬೇಕು. ಅಡಿಕೆ ಸುಲಿಯುವ ಕಾಲ. ಮನೆ ಎದುರಿನ ಅಂಗಳದ ಚಪ್ಪರದಲ್ಲಿ ಬಲ್ಬು ಹಾಕಿ, ಹನ್ನೆರಡು ಹದಿನೈದು ಹೆಂಗಸರು ಎರಡು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಬಲಗಾಲಿನಡಿ ಮಣೆ, ಕತ್ತಿಯ ಬಾಯಿ ಮೇಲಕ್ಕೆ, ಎರಡೂ ಕೈಯಲ್ಲಿ ಅಡಿಕೆ. ಒತ್ತಿ, ತಿರುಗಿಸಿ, ಸಿಪ್ಪೆ ಬಿಚ್ಚಿ, ಬೇಳೆ ಬುಟ್ಟಿಗೆ. ಟಕ್ ಟಕ್ ಅಂತ ಒಂದೇ ಸಮ. ಸಂಜೆ ಕೂತರೆ ಹತ್ತು, ಹನ್ನೊಂದು ಗಂಟೆ. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಒಮ್ಮೆ ಎದ್ದು ಹೋಗಿ ಬಂದರೆ ಅಷ್ಟು ಅಡಿಕೆ ಕಡಿಮೆ. ಎದ್ದುಹೋಗುವುದಾದರೂ ಎಲ್ಲಿಗೆ? ಕತ್ತಲಲ್ಲಿ ತೋಟದ ಅಂಚಿಗೆ. ಅದಕ್ಕೇ ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಕಡಿಮೆ ಮಾಡುತ್ತಿದ್ದರು. ಉರಿಮೂತ್ರ ಎನ್ನುವುದು ನಮ್ಮ ಊರಿನಲ್ಲಿ ಅಡಿಕೆ ಸುಗ್ಗಿಯ ಕಾಯಿಲೆ. ಎಲ್ಲರಿಗೂ ಆಗುತ್ತಿತ್ತು, ಬಾರ್ಲಿ ನೀರು ಕುಡಿದು ಸುಮ್ಮನಿರುತ್ತಿದ್ದರು.

ಅಮ್ಮ ಮನೆ ಯಜಮಾನಿಯಾದರೂ ಅವರ ಜೊತೆ ಕೂತು ಸುಲಿಯುತ್ತಿದ್ದಳು. ಅವತ್ತು ರಾತ್ರಿ ಯಾವುದಕ್ಕೋ ಎದ್ದಳು. ಸೆಖೆ ಎಂದು ಅಂಗಿ ತೆಗೆದು ಪಕ್ಕಕ್ಕೆ ಇಟ್ಟಿದ್ದಳು. ಬಲ್ಬಿನ ಬೆಳಕು ನೇರ ಅವಳ ಬೆನ್ನ ಮೇಲೆ ಬಿತ್ತು. ನಾನು ಅವಳ ಹಿಂದೆಯೇ ಇದ್ದೆ. "ಅಮ್ಮಾ, ನಿನ್ನ ಸೀರೆಗೆ ರಕ್ತ ಆಗಿದೆ" ಅಂತ ಕೂಗಿದೆ. ಅಡಿಕೆ ತುಂಬಲು ಬಂದಿದ್ದ ಇಬ್ಬರು ಗಂಡಸರು ಅಲ್ಲೇ ನಿಂತಿದ್ದರು. ಅಮ್ಮ ತಿರುಗದೆ, "ಇಂಬಳ ಹತ್ತಿತ್ತು ಕಣೆ" ಅಂದಳು.

ನಾನು ಶಾಲೆಯಲ್ಲಿ ಜಾಣೆ. ಇಂಬಳ, ಅಂದರೆ ಜಿಗಣೆ, ಮಳೆಗಾಲದ್ದು ಎಂದು ಗೊತ್ತಿತ್ತು. ಕಚ್ಚಿ ಬಿಟ್ಟಮೇಲೂ ರಕ್ತ ನಿಲ್ಲದೆ ಹರಿಯುತ್ತಿರುತ್ತದೆ ಎಂದೂ ಗೊತ್ತಿತ್ತು. "ಈಗ ಇಂಬಳ ಎಲ್ಲಿದೆ? ಮಳೆ ನಿಂತು ಎಷ್ಟು ದಿನ ಆಯ್ತು!" ಅಂದೆ. ಟಕ್ ಟಕ್ ಸದ್ದು ನಿಂತುಹೋಯಿತು. ಹನ್ನೆರಡು ಕತ್ತಿಗಳೂ ಒಟ್ಟಿಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸಾಲಿನ ತುದಿಯಲ್ಲಿದ್ದ ಒಬ್ಬ ಅಜ್ಜಿ ಎದ್ದು ಬಂದು ಅಪ್ಪನ ಆ ಅಂಗಿಯನ್ನು ತೆಗೆದು ಅಮ್ಮನ ಹೆಗಲಿಗೆ ಹಾಕಿತು. "ತೋಟದ ಕಾಲುವೇಲಿ ಇರ್ತಾವೆ ಮಗಾ, ವರ್ಷಪೂರ್ತಿ ಇರ್ತಾವೆ" ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಿತು. ಗಂಡಸರು ಮೂಟೆ ಎತ್ತಿಕೊಂಡು ಹೋದರು. ಕತ್ತಿಗಳು ಮತ್ತೆ ಶುರುವಾದವು.

ಇಂಬಳ ಕಚ್ಚಿದ ರಕ್ತವಾದರೆ ಮೊಣಕಾಲ ತನಕ ಬಟ್ಟೆ ಎತ್ತಿ ಯಾರೆದುರು ಬೇಕಾದರೂ ತೋರಿಸಬಹುದು. ಸುಣ್ಣ ತನ್ನಿ, ಹೊಗೆಸೊಪ್ಪು ತನ್ನಿ ಎಂದು ಕೂಗಬಹುದು. ಮಲೆನಾಡಿನಲ್ಲಿ ಅದಕ್ಕೆ ನಾಚಿದವರನ್ನು ನಾನು ಕಂಡಿಲ್ಲ. ನಾಲ್ಕು ಬೆರಳು ಮೇಲಿನಿಂದ ಬಂದ ರಕ್ತಕ್ಕೆ ಮಾತ್ರ ಸುಳ್ಳು ಹೆಸರು ಬೇಕು. ಹೊರಗಾಗಿದ್ದೇನೆ, ಕಾಗೆ ಮುಟ್ಟಿದೆ, ದೂರ ಇದ್ದೇನೆ. ನಮ್ಮ ಮನೆಯಲ್ಲಿ ಆ ಮೂರು ದಿನ ಅಮ್ಮ ಅಡುಗೆಮನೆ ಹೊಕ್ಕುತ್ತಿರಲಿಲ್ಲ, ದೇವರ ಮುಂದೆ ಹೋಗುತ್ತಿರಲಿಲ್ಲ. ತೋಟಕ್ಕೆ ಹೋಗಬಹುದಿತ್ತು, ಸಗಣಿ ಬಾಚಬಹುದಿತ್ತು, ಅಡಿಕೆ ಸುಲಿಯಬಹುದಿತ್ತು. ಬೆನ್ನು ಬಗ್ಗಿಸುವ ಕೆಲಸ ಯಾವುದಕ್ಕೂ ಮೈಲಿಗೆ ಇರಲಿಲ್ಲ. ಇದನ್ನು ಈಗ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಆಗ ಬಟ್ಟೆಯೇ ಗತಿ. ಹಳೆ ಕಾಟನ್ ಸೀರೆ ಹರಿದು ಮಡಿಸಿದ ಬಟ್ಟೆ. ಬಿಸಿಲಲ್ಲಿ ಒಣಗಿಸಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಿಸಿಲೆಲ್ಲಿ? ಶಾಲೆಯ ಸಮವಸ್ತ್ರವನ್ನೇ ಬಚ್ಚಲೊಲೆಯ ಮೇಲೆ ಹರವಿ ಹೊಗೆ ವಾಸನೆಯಲ್ಲಿ ಹಾಕಿಕೊಂಡು ಹೋದವರು ನಾವು. ಆ ಬಟ್ಟೆಗೆ ಬಚ್ಚಲೊಲೆಯ ಮೇಲೂ ಜಾಗವಿರಲಿಲ್ಲ. ಸೌದೆ ಕೊಟ್ಟಿಗೆಯ ಹಿಂದೆ, ಲಂಗದ ಅಡಿಗೆ ಹಾಕಿ, ಅರೆ ಹಸಿಯಲ್ಲೇ ಮಡಿಸಿ ಎತ್ತಿಡುತ್ತಿದ್ದರು. ತೊಡೆ ಸಂದಿಯಲ್ಲಿ ಗಾಯವಾಗಿ ಕಾಲು ಅಗಲಿಸಿ ನಡೆಯುವ ಹೆಂಗಸನ್ನು ನೋಡಿ "ಮಳೆಗಾಲ ಅಲ್ದಾ" ಎಂದು ಮುಗಿಸುತ್ತಿದ್ದರು.

ಅಂಗಿಯ ಜೇಬು

2011ರ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಸುಲಿಯಲು ಕೂರೋಣ ಎಂದು ಗೂಟಕ್ಕೆ ನೇತುಹಾಕಿದ್ದ ಆ ಅಂಗಿ ತೊಟ್ಟೆ. ಬೂದು ಚೌಕಳಿ, ಕಾಲರ್ ಸವೆದು ಒಳಗಿನ ಕ್ಯಾನ್ವಾಸ್ ಕಾಣುತ್ತಿತ್ತು. ಜೇಬಿಗೆ ಕೈಹಾಕಿದೆ. ಉಗ್ರಾಣದ ಬೀಗದ ಕೈ, ಎರಡು ಪಿನ್ನು, ಕಾಲು ಹೋಳು ಅಡಿಕೆ, ಎಂಟು ಮಾತ್ರೆ ಖಾಲಿಯಾದ ನೋವಿನ ಗುಳಿಗೆಯ ಒಂದು ಹಾಳೆ, ಮತ್ತು ಒಂದು ಮುಷ್ಟಿ ಹಸಿ ಅಕ್ಕಿ.

ಅಮ್ಮ ಹಸಿ ಅಕ್ಕಿ ತಿನ್ನುತ್ತಾಳೆ ಎಂದು ನಮಗೆ ಗೊತ್ತಿತ್ತು. ಮೊರದಲ್ಲಿ ಅಕ್ಕಿ ಆರಿಸುತ್ತ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ನಮ್ಮ ಮದುವೇಲಿ ಮಳೆ ಬಂದಿದ್ದು ಅದಕ್ಕೇ" ಎಂದು ಅಪ್ಪ ಹೇಳುತ್ತಿದ್ದರು. ಆದರೆ ಜೇಬಿನಲ್ಲಿ ಇಟ್ಟುಕೊಂಡು ತೋಟದಲ್ಲೂ ತಿನ್ನುವಷ್ಟು? ಮೈಯಲ್ಲಿ ಕಬ್ಬಿಣದ ಅಂಶ ಬಹಳ ಇಳಿದಾಗ ಕೆಲವರಿಗೆ ಹೀಗೆ ಹಸಿ ಅಕ್ಕಿ, ಮಣ್ಣು, ಮಂಜುಗಡ್ಡೆ ತಿನ್ನುವ ಚಪಲ ಹತ್ತುತ್ತದೆ ಎಂದು ಆಮೇಲೆ ವೈದ್ಯರು ಹೇಳಿ ತಿಳಿಯಿತು. ಅಂದು ನಾನು ನೋಡಿದ್ದು ಅಮ್ಮನ ಮುಖವನ್ನು. ತುಟಿ ಸುಣ್ಣ ಬಳಿದಂತಿತ್ತು. ಪ್ರತಿ ತಿಂಗಳು ನೋಡುವ ಮುಖ, ಅಂದೇ ಮೊದಲು ನೋಡಿದಂತಾಯಿತು.

ಅವಳು ವೈದ್ಯರ ಹತ್ತಿರ ಹೋಗಿಯೇ ಇರಲಿಲ್ಲ ಅಂತಲ್ಲ. ಎರಡು ಸಲ ಹೋಗಿದ್ದಳು, ಅಪ್ಪನ ಜೊತೆ. ವೈದ್ಯರು "ಏನಾಗುತ್ತೆ?" ಎಂದು ಕೇಳಿದ್ದು ಅಪ್ಪನನ್ನು. ಅಪ್ಪ "ಸುಸ್ತು ಅಂತಾಳೆ, ಬೆನ್ನು ನೋವು ಅಂತಾಳೆ" ಅಂದಿದ್ದರು. ಒಂದು ಇಂಜೆಕ್ಷನ್, ಒಂದು ಟಾನಿಕ್, ನೋವಿಗೆ ಗುಳಿಗೆ. ಮುಟ್ಟಿನ ಬಗ್ಗೆ ಯಾರೂ ಕೇಳಲಿಲ್ಲ. ಅಪ್ಪನ ಎದುರು ಅವಳೂ ಹೇಳಲಿಲ್ಲ. ನಾನು ಶಿವಮೊಗ್ಗಕ್ಕೆ ಕರೆತಂದು ಹೆರಿಗೆ ವೈದ್ಯೆಯ ಹತ್ತಿರ ಕೂರಿಸಿದಾಗ, ಆಕೆ ಮೊದಲು ನನ್ನನ್ನೂ ಹೊರಗೆ ಕಳಿಸಿದರು. ಅರ್ಧ ಗಂಟೆಯ ನಂತರ ಒಳಗೆ ಕರೆದರು. ಎರಡು ವರ್ಷದಿಂದ ತಿಂಗಳಿಗೆ ಹತ್ತು ದಿನ ಹೋಗುತ್ತಿತ್ತಂತೆ, ಗಂಟೆಗೊಂದು ಬಟ್ಟೆ ಬದಲಾಯಿಸುವಷ್ಟು, ಗಡ್ಡೆಗಡ್ಡೆಯಾಗಿ. ಹಿಮೊಗ್ಲೋಬಿನ್ 6.4. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. "ಇಷ್ಟರಲ್ಲಿ ಹೇಗಮ್ಮ ಓಡಾಡ್ತಿದ್ರಿ?" ಎಂದು ವೈದ್ಯೆ ಕೇಳಿದರು. ಅಮ್ಮ, "ಓಡಾಡ್ಬೇಕಿತ್ತಲ್ಲ" ಅಂದಳು.

ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು. ಕ್ಯಾನ್ಸರ್ ಅಲ್ಲ, ನಲವತ್ತರ ಆಚೀಚೆ ಬಹಳ ಹೆಂಗಸರಲ್ಲಿ ಇರುತ್ತವೆ, ಹಲವರಿಗೆ ತೊಂದರೆಯೇ ಕೊಡುವುದಿಲ್ಲ. ಅಮ್ಮನಿಗೆ ಎರಡು ಬಾಟಲಿ ರಕ್ತ ಕೊಟ್ಟು, ಸ್ವಲ್ಪ ದಿನ ಬಿಟ್ಟು ಆಪರೇಷನ್ ಮಾಡಿದರು. ಬೇಗ ಬಂದಿದ್ದರೆ ರಕ್ತಸ್ರಾವ ತಗ್ಗಿಸುವ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ, ಹೀಗೆ ಬೇರೆ ದಾರಿಗಳನ್ನು ನೋಡಬಹುದಿತ್ತು ಎಂದರು. ಜೇಬಿನ ನೋವಿನ ಗುಳಿಗೆಯ ಬಗ್ಗೆ ಆಕೆ ಬಹಳ ಹೊತ್ತು ಮಾತಾಡಿದರು. ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ಅಲ್ಲಿಂದಲೂ ರಕ್ತ ಹೋಗಬಹುದು, ಮೂತ್ರಪಿಂಡಕ್ಕೂ ಕೆಟ್ಟದು. ಮೇಲಿಂದ ಊಟವಾದ ತಕ್ಷಣ ಚಹಾ. ಅದು ಊಟದಲ್ಲಿದ್ದ ಕಬ್ಬಿಣದ ಅಂಶವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣದ ಗುಳಿಗೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ, ಚಹಾಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ ಎಂದರು. ಇಷ್ಟು ಸರಳ ಮಾತನ್ನು ಅಲ್ಲಿಯತನಕ ಯಾರೂ ಅವಳಿಗೆ ಹೇಳಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ನಾನು ಸಿಕ್ಕ ಸಿಕ್ಕ ಅತ್ತೆ ಚಿಕ್ಕಮ್ಮಂದಿರಿಗೆಲ್ಲ ಹೇಳುತ್ತ ಬಂದಿದ್ದೇನೆ: ಮುಟ್ಟು ಪೂರ್ತಿ ನಿಂತು ವರ್ಷವಾದಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಅರ್ಧದ ಹತ್ತಿರ. ಅಂದರೆ ಆ ಚಪ್ಪರದ ಎರಡು ಸಾಲಿನಲ್ಲಿ ಒಂದು ಸಾಲು. ನಾನು ಈಗ ಆ ರಾತ್ರಿಯನ್ನು ನೆನೆದಾಗಲೆಲ್ಲ ಯಾವ ಸಾಲು ಎಂದು ಮುಖಗಳನ್ನು ಹುಡುಕುತ್ತೇನೆ.

ಶನಿವಾರದ ಬಿಳಿ

ಅಮ್ಮನ ಕಾಲ ಮುಗಿಯಿತು ಎಂದುಕೊಳ್ಳುವಂತಿಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಶನಿವಾರ ಬಿಳಿ ಸಮವಸ್ತ್ರ. ಬಿಳಿ ಲಂಗ, ಬಿಳಿ ಅಂಗಿ, ಡ್ರಿಲ್ಲು. ಶುಕ್ರವಾರ ರಾತ್ರಿ ಹೊಟ್ಟೆನೋವು ಶುರುವಾದರೆ ನಾನು ಶನಿವಾರ ಶಾಲೆಗೆ ಹೋಗುತ್ತಿರಲಿಲ್ಲ. ತರಗತಿಯ ಹುಡುಗಿಯರಲ್ಲಿ ಒಬ್ಬಳಲ್ಲ ಒಬ್ಬಳು ಪ್ರತಿ ಶನಿವಾರ ಗೈರುಹಾಜರಿ. ಯಾವ ಮೇಷ್ಟರೂ ಏಕೆಂದು ಕೇಳಲಿಲ್ಲ. ಕೇಳಿದ್ದರೆ ನಾವು ಜ್ವರ ಅನ್ನುತ್ತಿದ್ದೆವು. ಈಗಲೂ ನನ್ನ ಬೀರುವಿನ ಒಂದು ಅರೆಯಲ್ಲಿ ಬರೀ ಕಪ್ಪು ಪ್ಯಾಂಟು, ಕಡುನೀಲಿ ಕುರ್ತಾಗಳಿವೆ. ಸಹೋದ್ಯೋಗಿಗಳು ನನಗೆ ಕಪ್ಪು ಚೆನ್ನಾಗಿ ಒಪ್ಪುತ್ತದೆ ಅನ್ನುತ್ತಾರೆ. ಅಮ್ಮ ಆ ಕೆನೆಬಣ್ಣದ ಸೀರೆ ಎಳೆದುಕೊಂಡ ದಿನ ನಾನು ಮನೆಗೆ ಬಂದು ಆ ಅರೆಯ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಇದರಲ್ಲಿ ಎಷ್ಟು ನನ್ನ ಇಷ್ಟ, ಎಷ್ಟು ಹೆದರಿಕೆ ಎಂದು ಬೇರ್ಪಡಿಸಲು ಆಗಲಿಲ್ಲ. ಒಂದು ಬಣ್ಣವನ್ನು ಮೂವತ್ತು ವರ್ಷ ಉಟ್ಟಮೇಲೆ ಅದು ನಮ್ಮದೇ ಆಗಿಬಿಡುತ್ತದೆ, ಇಷ್ಟ ಎಂದೇ ಅನಿಸುತ್ತದೆ.

ಅದೇ ಅಕ್ಟೋಬರ್ ತಿಂಗಳಲ್ಲಿ, 2025ರಲ್ಲಿ, ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು, ವರ್ಷಕ್ಕೆ 12 ದಿನ, ಸಂಬಳ ಸಹಿತ. ಸರ್ಕಾರಿ ಕಚೇರಿಗೂ ಖಾಸಗಿಗೂ, ಗಾರ್ಮೆಂಟ್ಸ್ ಕಾರ್ಖಾನೆಗೂ. ನನಗೆ ನಿಜಕ್ಕೂ ಸಂತೋಷವಾಯಿತು. ಬೆಳಗಿನ ಏಳಕ್ಕೆ ಗಾರ್ಮೆಂಟ್ಸಿನ ವ್ಯಾನಿಗೆ ಓಡುವ ನಮ್ಮ ಬೀದಿಯ ಹುಡುಗಿಯರ ಮುಖ ಕಣ್ಣಿಗೆ ಬಂತು. ಆ ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡು, "ಒಳ್ಳೇದಾಯ್ತು. ಸುಲಿಯಕ್ಕೆ ಬರೋರಿಗೆ?" ಅಂದಳು. ಡಬ್ಬದ ಲೆಕ್ಕದವರಿಗೆ ಹಾಜರಿ ಪುಸ್ತಕವೇ ಇಲ್ಲ, ರಜೆ ಯಾವ ಪುಟದಲ್ಲಿ ಬರೆಯುವುದು. ಬಾರದಿದ್ದ ದಿನ ಕೂಲಿ ಇಲ್ಲ, ಅಷ್ಟೇ. ಆದರೆ ಅವರಿಗೆ ಕೆಲಸ ಕೊಡುವವರು ನಾವೇ, ಬೇರೆ ಯಾರೋ ಅಲ್ಲ. ಸರ್ಕಾರದ ಆದೇಶ ಬರಲಿ ಎಂದು ಕಾಯುವಷ್ಟು ದೊಡ್ಡ ವಿಷಯವೂ ಅಲ್ಲ.

ತಮ್ಮನ ಜೊತೆ ಕೂತು ಮಾತಾಡಿದೆ. ಈಗ ತೋಟ ನೋಡಿಕೊಳ್ಳುವವನು ಅವನು. ಚಪ್ಪರದ ಹಿಂದೆ ಒಂದು ಶೌಚಾಲಯ ಇತ್ತು, ಒಳಗೆ ಗೊಬ್ಬರದ ಚೀಲ ತುಂಬಿಟ್ಟಿದ್ದರು. ಅದನ್ನು ಖಾಲಿ ಮಾಡಿ, ಬಲ್ಬು ಹಾಕಿ, ನಲ್ಲಿ ಎಳೆದು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬದಲಾಯಿಸಿ, ಮುಚ್ಚಳದ ಬಕೆಟ್ ಒಂದನ್ನು ಇಟ್ಟರು. ರಾತ್ರಿ ಎಂಟಕ್ಕೆ ಎಲ್ಲರೂ ಒಟ್ಟಿಗೆ ಏಳುವುದು, ಕಾಲು ಗಂಟೆ. ಒಬ್ಬರೇ ಎದ್ದರೆ ಡಬ್ಬ ಹಿಂದೆ ಬೀಳುತ್ತದೆ, ಎಲ್ಲರೂ ಎದ್ದರೆ ಯಾರೂ ಹಿಂದೆ ಬೀಳುವುದಿಲ್ಲ. ಇದು ಅಮ್ಮ ಹೇಳಿದ ಉಪಾಯ. ಮೊದಲ ವಾರ ಯಾರೂ ಏಳಲಿಲ್ಲವಂತೆ. ಅಮ್ಮ ಎಂಟಾದ ಕೂಡಲೇ ತಾನೇ ಎದ್ದು, ಬೀಡಿ ಸೇದುತ್ತ ಕೂತಿದ್ದ ಗಂಡಸರನ್ನು ಅಂಗಳದಾಚೆ ಕಳಿಸಲು ಶುರುಮಾಡಿದಮೇಲೆ ಸರಿಹೋಯಿತಂತೆ.

ಮದುವೆಯ ದಿನ ಅಮ್ಮ ಆ ಕೆನೆಬಣ್ಣದ ಸೀರೆ ಉಟ್ಟಿದ್ದಳು. ಛತ್ರದ ಕೆಂಪು ಕುರ್ಚಿಗಳ ನಡುವೆ ದೂರದಿಂದಲೇ ಕಾಣುತ್ತಿದ್ದಳು. ಕುರ್ಚಿಯಿಂದ ಏಳುವಾಗ ಅವಳ ಎಡಗೈ ತಾನಾಗಿ ಹಿಂದಕ್ಕೆ ಹೋಗಿ ಸೀರೆಯ ಹಿಂಬದಿಯನ್ನು ಒಮ್ಮೆ ಸವರಿ ಬಂತು. ಈಗಲೂ.

ಊಟದ ಎರಡನೇ ಪಂಕ್ತಿಗೆ ಕರೆಯುವ ಹೊತ್ತಿಗೆ ತಮ್ಮನ ಮಗಳು ಬಂದು ನನ್ನ ಪಕ್ಕ ನಿಂತಳು. ಹದಿಮೂರು ವರ್ಷ, ತಿಳಿಗುಲಾಬಿ ಲಂಗದಾವಣಿ. "ಅತ್ತೆ, ಹಿಂದೆ ಏನಾದ್ರೂ ಆಗಿದ್ಯಾ ನೋಡು" ಎಂದು ಪಿಸುಗುಟ್ಟಿದಳು. ಆಗಿತ್ತು. ನಾನು ದುಪಟ್ಟಾ ತೆಗೆದು ಅವಳ ಸೊಂಟಕ್ಕೆ ಸುತ್ತಲು ಹೊರಟೆ. ವಧುವಿನ ಕಡೆಯ ಕೋಣೆಗಳಿಗೆಲ್ಲ ಬೀಗ ಹಾಕಿತ್ತು, ಕೀಲಿ ಇದ್ದದ್ದು ಅಡುಗೆಯವರ ಹತ್ತಿರ ನಿಂತು ಮಾತಾಡುತ್ತಿದ್ದ ಚಿಕ್ಕಪ್ಪನ ಬಳಿ, ಸುತ್ತ ಆರೇಳು ಗಂಡಸರು. ನಾನು ಏನು ಹೇಳಿ ಕೀಲಿ ಕೇಳಲಿ ಎಂದು ಯೋಚಿಸುತ್ತಿರುವಾಗಲೇ ಅಮ್ಮ ಅಲ್ಲಿಗೆ ಹೋಗಿಬಿಟ್ಟಿದ್ದಳು.

"ಮಗೂಗೆ ಮುಟ್ಟಾಗಿದೆ. ರೂಮಿನ ಕೀಲಿ ಕೊಡಿ ಭಾವ."

ಚಿಕ್ಕಪ್ಪ ಜೇಬಿನಿಂದ ಕೀಲಿ ತೆಗೆದು ಕೊಟ್ಟರು. ಅಮ್ಮ ಮೊಮ್ಮಗಳ ಹಿಂದೆಯೇ ಮೆಟ್ಟಿಲು ಹತ್ತಿಹೋದಳು.